ಹಳೆ ಸೇನಾ ತೋಟೆಗಳ ಗುಂಪು ಖರೀದಿ: ಅಮೆರಿಕದಲ್ಲಿ ಇದು ನಡೆಯುವ ಬಗೆ

ಶೀತಲ ಸಮರದ ಕಾಲದಲ್ಲಿ ಸೋವಿಯತ್ ಒಕ್ಕೂಟ ಮತ್ತು ಅದರ ಜೊತೆಗಿದ್ದ ಪೂರ್ವ ಯುರೋಪಿನ ದೇಶಗಳು ಮುಂದೆ ಬರಬಹುದಾದ ಯುದ್ಧಕ್ಕೆಂದು ರೈಫಲ್ ತೋಟೆಗಳನ್ನು ಗುಡ್ಡೆ ಹಾಕಿದ್ದವು. ಆ ಯುದ್ಧ ಬರಲಿಲ್ಲ. 1990ರ ನಂತರ ಆ ದಾಸ್ತಾನಿನ ದೊಡ್ಡ ಪಾಲು ಅಮೆರಿಕದ ನಾಗರಿಕ ಮಾರುಕಟ್ಟೆಗೆ ಬಂತು. 1891ರ ಮೊಸಿನ್-ನಗಾಂತ್ ರೈಫಲ್ ಇಟ್ಟುಕೊಂಡ ಗುರಿಕಾರರಿಗೆ ಅದು ಸುಗ್ಗಿಯ ಕಾಲ. 2010ರ ಆಸುಪಾಸಿನಲ್ಲೂ 440 ತೋಟೆಗಳ ಒಂದು ಡಬ್ಬ ನೂರು ಡಾಲರಿನೊಳಗೆ ಸಿಗುತ್ತಿತ್ತು. ಈಗ ಆ ಬೆಲೆ ಇಲ್ಲ, ಮಾಲೂ ಕಡಿಮೆಯಾಗಿದೆ. ಹಾಗಾಗಿ ಐದಾರು ಜನ ಸೇರಿ ಕ್ರೇಟುಗಟ್ಟಲೆ ತರಿಸಿ ಹಂಚಿಕೊಳ್ಳುವ ಪದ್ಧತಿಗೆ ಮೊದಲಿಗಿಂತ ಹೆಚ್ಚು ಅರ್ಥ ಬಂದಿದೆ, ಅದರಲ್ಲಿ ಎಡವುವ ಜಾಗಗಳೂ ಹೆಚ್ಚಿವೆ.

ಗುಂಪು ಖರೀದಿಗೆ ಇಳಿಯುವವರು ಬೆಲೆಯ ಮೇಲೆ ಕಣ್ಣಿಟ್ಟಿರುತ್ತಾರೆ. ಕಣ್ಣಿಡಬೇಕಾದ್ದು ಲಾಟ್ ನಂಬರಿನ ಮೇಲೆ. ಒಂದೇ ಕಾರ್ಖಾನೆಯಲ್ಲಿ, ಒಂದೇ ವರ್ಷ, ಒಂದೇ ಮದ್ದು ತುಂಬಿ ಕಟ್ಟಿದ ತೋಟೆಗಳ ಸಮೂಹವೇ ಲಾಟ್. ಗುರಿಯ ನಿಖರತೆ, ತುಕ್ಕಿನ ಭಯ, ತಡವಾಗಿ ಹೊತ್ತಿಕೊಳ್ಳುವ ಕಾಟ, ರೇಂಜಿನವರು (ಗುಂಡು ಹಾರಿಸುವ ಮೈದಾನ ನಡೆಸುವವರು) ಒಳಗೆ ಬಿಡುತ್ತಾರೋ ಇಲ್ಲವೋ ಎನ್ನುವುದೂ ಬಹುಮಟ್ಟಿಗೆ ಅದರ ಮೇಲೆ ನಿಂತಿದೆ. ಗುಂಪಾಗಿ ಕೊಳ್ಳುವುದರ ನಿಜವಾದ ಲಾಭವೂ ಅಲ್ಲೇ ಇದೆ. ಒಬ್ಬನೇ ಒಂದು ಡಬ್ಬ ತರಿಸಿದರೆ ಅಂಗಡಿಯವನು ಕೈಗೆ ಸಿಕ್ಕಿದ್ದನ್ನು ಕಳಿಸುತ್ತಾನೆ. ಹನ್ನೆರಡು ಕ್ರೇಟಿನ ಗಿರಾಕಿ ಮಾತ್ರ ‘ಎಲ್ಲವೂ ಒಂದೇ ಲಾಟಿನದಾಗಿರಬೇಕು, ಡಬ್ಬದ ಮೇಲಿನ ಬರಹದ ಫೋಟೋ ಮೊದಲು ಕಳಿಸಿ’ ಎಂದು ಕೇಳಬಲ್ಲ.

ಡಬ್ಬ ಓದುವುದು ಹೇಗೆ

ಮೊಸಿನ್ ರೈಫಲಿಗೆ ಹಾಕುವ ಸೋವಿಯತ್ 7.62×54ಆರ್ ತೋಟೆಯನ್ನೇ ತೆಗೆದುಕೊಳ್ಳೋಣ. ಇಪ್ಪತ್ತು ತೋಟೆಗೆ ಒಂದು ಕಾಗದದ ಪೊಟ್ಟಣ, ಇಪ್ಪತ್ತೆರಡು ಪೊಟ್ಟಣಕ್ಕೆ ಗಾಳಿಯಾಡದಂತೆ ಮುಚ್ಚಿದ ಒಂದು ತಗಡಿನ ಡಬ್ಬ, ಅಂಥ ಎರಡು ಡಬ್ಬಕ್ಕೆ ಒಂದು ಮರದ ಕ್ರೇಟ್. ಅಂದರೆ ಡಬ್ಬಕ್ಕೆ 440, ಕ್ರೇಟಿಗೆ 880. ಕ್ರೇಟಿನ ತೂಕ ಸುಮಾರು 25 ಕಿಲೊ. ಡಬ್ಬ ತೆರೆಯುವ ಕೀಲಿ ಸಾಮಾನ್ಯವಾಗಿ ಕ್ರೇಟಿಗೆ ಒಂದೇ ಇರುತ್ತದೆ. ಹಂಚಿಕೊಳ್ಳುವಾಗ ಅದಕ್ಕೂ ಜಗಳ ಬರುವುದುಂಟು, ಒಬ್ಬೊಬ್ಬರು ಒಂದೊಂದು ಕೀಲಿ ಬೇರೆಯಾಗಿ ಕೊಂಡುಬಿಡುವುದು ವಾಸಿ.

ಡಬ್ಬದ ಮೇಲಿನ ರಷ್ಯನ್ ಅಚ್ಚು ನೋಡಿ ಹೆದರಬೇಕಿಲ್ಲ. ಮೊದಲ ಸಾಲಿನಲ್ಲಿ ಅಳತೆ, ಗುಂಡಿನ ಜಾತಿ, ಕೋಶದ (ಮದ್ದು ತುಂಬುವ ಕೊಳವೆಯ) ಲೋಹ. ‘ಎಲ್‌ಪಿಎಸ್’ಗೆ ಸಮನಾದ ಮೂರು ಅಕ್ಷರವಿದ್ದರೆ ಒಳಗೆ ಮೆದು ಉಕ್ಕಿನ ತಿರುಳಿರುವ ಗುಂಡು, ತುದಿಗೆ ಬೆಳ್ಳಿ ಬಣ್ಣ. ‘ಡಿ’ ಇದ್ದರೆ ಹಳದಿ ತುದಿಯ ಭಾರದ ಗುಂಡು, 182 ಗ್ರೇನ್ (ಗುಂಡಿನ ತೂಕದ ಅಳತೆ). ಬರೀ ‘ಎಲ್’ ಇದ್ದರೆ 148 ಗ್ರೇನಿನ ಹಗುರ ಗುಂಡು. ಅದರ ಪಕ್ಕದಲ್ಲಿ ಎರಡು ಚಿಕ್ಕ ಅಕ್ಷರಗಳಿರುತ್ತವೆ. ‘ಗ’ಕಾರದ ಜೊತೆ ‘ಲ’ ಇದ್ದರೆ ಹಿತ್ತಾಳೆ ಕೋಶ, ‘ಝ’ ಇದ್ದರೆ ತಾಮ್ರ ಲೇಪಿಸಿದ ಉಕ್ಕು, ‘ಸ’ ಇದ್ದರೆ ಲ್ಯಾಕರ್ ಬಳಿದ ಉಕ್ಕು. ಅದರ ಕೆಳಗೆ ಲಾಟ್, ವರ್ಷ, ಕಾರ್ಖಾನೆ. 188 ಎಂದರೆ ನೊವೊಸಿಬಿರ್ಸ್ಕ್, 60 ಎಂದರೆ ಆಗಿನ ಫ್ರುಂಜೆ, ಇಂದಿನ ಬಿಷ್ಕೆಕ್. 17 ಬರ್ನಾವುಲ್, 539 ತುಲಾ, 3 ಉಲ್ಯಾನೊವ್ಸ್ಕ್, 270 ಲುಹಾನ್ಸ್ಕ್. ಇದೇ ಕಾರ್ಖಾನೆ ಸಂಖ್ಯೆ ಮತ್ತು ಸಾಮಾನ್ಯವಾಗಿ ವರ್ಷದ ಕೊನೆಯ ಎರಡು ಅಂಕಿ ಪ್ರತಿ ತೋಟೆಯ ಬುಡದಲ್ಲೂ ಒತ್ತಿರುತ್ತವೆ. ಡಬ್ಬದ ಮೇಲಿನದು ಒಂದು, ಒಳಗಿನ ತೋಟೆಯ ಬುಡದಲ್ಲಿರುವುದು ಇನ್ನೊಂದು ಆಗಿದ್ದರೆ ಯಾರೋ ಮಾಲು ಬದಲಿಸಿರಬಹುದು ಎಂದು ಅನುಮಾನಿಸಬೇಕು.

ಗುಂಡಿನ ಜಾತಿ ಯಾಕೆ ಮುಖ್ಯ? ಗುಂಪಿನಲ್ಲಿ ಒಬ್ಬರ ಹತ್ತಿರ ಮೊಸಿನ್ ಇರುತ್ತದೆ, ಇನ್ನೊಬ್ಬರ ಹತ್ತಿರ ರೊಮೇನಿಯದ ಪಿಎಸ್‌ಎಲ್ ಇರುತ್ತದೆ. ಮೊಸಿನ್ ಪ್ರತಿ ಸಲ ಕೈಯಲ್ಲಿ ಬೋಲ್ಟ್ ಎಳೆದು ತೋಟೆ ತುಂಬುವ ರೈಫಲ್, ಹಗುರ ಗುಂಡನ್ನೂ ಭಾರದ ಗುಂಡನ್ನೂ ನುಂಗುತ್ತದೆ. ಪಿಎಸ್‌ಎಲ್ ಗ್ಯಾಸಿನಿಂದ ತಾನೇ ತುಂಬಿಕೊಳ್ಳುವ ರೈಫಲ್. ಅದಕ್ಕೆ 182 ಗ್ರೇನಿನ ಭಾರದ ಗುಂಡು ಹಾಕುತ್ತಾ ಹೋದರೆ ಒಳಗಿನ ಭಾಗಗಳು ಬೇಕಾದ್ದಕ್ಕಿಂತ ಜೋರಾಗಿ ಹಿಂದಕ್ಕೆ ಬಡಿಯುತ್ತವೆ. ಹಳದಿ ತುದಿ ಅಗ್ಗಕ್ಕೆ ಸಿಕ್ಕಿತೆಂದು ಎಲ್ಲರಿಗೂ ಅದನ್ನೇ ಹಂಚಿದರೆ ಪಿಎಸ್‌ಎಲ್ ಇರುವವರಿಗೆ ಅದು ಉಪಯೋಗವಿಲ್ಲದ ಮಾಲು.

ರೇಂಜಿನ ನಿಯಮ ಬೇರೆಯೇ ತಲೆನೋವು. ಬಹಳಷ್ಟು ರೇಂಜುಗಳಲ್ಲಿ ಅಯಸ್ಕಾಂತ ಹಿಡಿದು ನೋಡುತ್ತಾರೆ. ಗುಂಡು ಅಂಟಿದರೆ ಬೇಡ ಎನ್ನುತ್ತಾರೆ, ಯಾಕೆಂದರೆ ಉಕ್ಕಿನ ತಿರುಳು ಉಕ್ಕಿನ ಗುರಿಫಲಕವನ್ನು ಹಾಳುಮಾಡುತ್ತದೆ, ಕಿಡಿ ಹಾರಿ ಒಣ ಹುಲ್ಲಿಗೆ ಬೆಂಕಿ ಹತ್ತಬಹುದು. ಆದರೆ ಸೋವಿಯತ್ ಗುಂಡುಗಳ ಹೊರಕವಚವೇ ತಾಮ್ರ ಲೇಪಿಸಿದ ಉಕ್ಕು. ಸೀಸದ ತಿರುಳಿನ ಹಗುರ ಗುಂಡಿಗೂ ಅಯಸ್ಕಾಂತ ಅಂಟುತ್ತದೆ. ರೇಂಜಿನವರು ಈ ವ್ಯತ್ಯಾಸ ಕೇಳುವುದಿಲ್ಲ. ಗುಂಪಿನ ಎಲ್ಲರೂ ತಾವು ಹೋಗುವ ರೇಂಜಿನ ನಿಯಮವನ್ನು ಹಣ ಕಟ್ಟುವ ಮೊದಲೇ ಕೇಳಿಕೊಳ್ಳಬೇಕು.

ಯಾರು ಕೊಳ್ಳಬಹುದು, ಯಾರು ಮುಟ್ಟಲೂ ಬಾರದು

ಅಮೆರಿಕದ ಫೆಡರಲ್ ಕಾನೂನಿನಲ್ಲಿ ತೋಟೆ ತಯಾರಿಸುವವರಿಗೆ, ಆಮದು ಮಾಡುವವರಿಗೆ ಲೈಸೆನ್ಸ್ ಬೇಕು. ಬರೀ ಮಾರುವುದಕ್ಕೆ 1986ರಿಂದ ಬೇಕಿಲ್ಲ. ಆದರೆ ಲೈಸೆನ್ಸ್ ಇರುವ ಅಂಗಡಿಯವರು ರೈಫಲ್ ತೋಟೆಯನ್ನು 18 ವರ್ಷದೊಳಗಿನವರಿಗೆ, ಪಿಸ್ತೂಲಿನ ತೋಟೆಯನ್ನು 21ರೊಳಗಿನವರಿಗೆ ಮಾರುವಂತಿಲ್ಲ. ಕಾನೂನು ನಿಷೇಧಿಸಿದ ವ್ಯಕ್ತಿ ಎಂದು ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ, ತೋಟೆ ಕೊಡುವುದು ಯಾರಿಗೇ ಆದರೂ ಅಪರಾಧ. ಗುಂಪಿನ ಮುಖ್ಯಸ್ಥನಿಗೂ ಇದು ಅನ್ವಯಿಸುತ್ತದೆ.

ಅಮೆರಿಕದಲ್ಲಿರುವ ಕನ್ನಡಿಗರು ಇಲ್ಲಿ ಒಂದು ವಿಷಯವನ್ನು ಚೆನ್ನಾಗಿ ತಿಳಿದಿರಬೇಕು. ಎಚ್-1ಬಿ, ಎಫ್-1ನಂಥ ತಾತ್ಕಾಲಿಕ ವೀಸಾದಲ್ಲಿ ಬಂದವರು ಆ ನಿಷೇಧಿತರ ಪಟ್ಟಿಯಲ್ಲಿದ್ದಾರೆ. ಬಂದೂಕಷ್ಟೇ ಅಲ್ಲ, ಒಂದೇ ಒಂದು ತೋಟೆ ವಶದಲ್ಲಿದ್ದರೂ ಫೆಡರಲ್ ಅಪರಾಧ. ಕಾನೂನಿನಲ್ಲೇ ಕೆಲವು ವಿನಾಯಿತಿಗಳಿವೆ. ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆಯ ಲೈಸೆನ್ಸ್. ಗ್ರೀನ್ ಕಾರ್ಡ್ ಇರುವವರಿಗೆ ಈ ತಡೆ ಇಲ್ಲ. ‘ನಿನ್ನ ಪಾಲಿನ ಡಬ್ಬ ನನ್ನ ಗ್ಯಾರೇಜಿನಲ್ಲಿರಲಿ’ ಎಂದು ಎಚ್-1ಬಿ ಗೆಳೆಯನೊಬ್ಬ ಸಹಾಯಕ್ಕೆ ನಿಂತರೂ ಅಪಾಯ ಅವನಿಗೇ. ಬಂದೂಕು, ತೋಟೆಗೆ ಸಂಬಂಧಿಸಿದ ಅಪರಾಧ ಸಾಬೀತಾದರೆ ದೇಶದಿಂದ ಹೊರಹಾಕಲು ಅದೇ ಕಾರಣವಾಗಬಹುದು. ಈ ಸ್ಥಿತಿಯಲ್ಲಿರುವವರು ಗುಂಪಿಗೆ ಸೇರುವ ಮೊದಲು ವಲಸೆ ವಕೀಲರ ಮಾತು ಕೇಳಲೇಬೇಕು. ಕೆಲವು ನೂರು ಡಾಲರಿನ ಉಳಿತಾಯ ವೀಸಾದ ಮುಂದೆ ಏನೂ ಅಲ್ಲ.

ಕೆಲವು ರಾಜ್ಯಗಳ ಕಾನೂನು ಇದಕ್ಕಿಂತ ಬಿಗಿ. ಕ್ಯಾಲಿಫೋರ್ನಿಯ 2019ರ ಜುಲೈಯಿಂದ ತೋಟೆ ಕೊಳ್ಳುವವರ ಹಿನ್ನೆಲೆ ಪರಿಶೀಲನೆಯನ್ನು ಕಡ್ಡಾಯ ಮಾಡಿತು, ಹೊರಗಿನಿಂದ ತರಿಸಿದ ತೋಟೆಯೂ ಲೈಸೆನ್ಸ್ ಇರುವ ಮಾರಾಟಗಾರನ ಮೂಲಕವೇ ಕೈಗೆ ಬರಬೇಕೆಂದಿತು. ಆ ನಿಯಮದ ಮೇಲೆ ನ್ಯಾಯಾಲಯದಲ್ಲಿ ಹೋರಾಟ ನಡೆದಿರುವುದರಿಂದ ಕೊಳ್ಳುವ ದಿನದ ಸ್ಥಿತಿಯನ್ನು ನೋಡಿಕೊಳ್ಳಬೇಕು. ನ್ಯೂಯಾರ್ಕಿನಲ್ಲಿ 2023ರ ಸೆಪ್ಟೆಂಬರಿನಿಂದ ಪರಿಶೀಲನೆ ಇದೆ. ಇಲಿನಾಯ್ಸಿನಲ್ಲಿ ರಾಜ್ಯ ಕೊಡುವ ಬಂದೂಕು ಮಾಲೀಕರ ಗುರುತಿನ ಚೀಟಿ ಬೇಕು. ಇದಕ್ಕೆಲ್ಲ ಒಂದು ಸರಳ ಉಪಾಯವಿದೆ: ಗುಂಪು ಒಂದೇ ರಾಜ್ಯದೊಳಗಿರಲಿ, ಎಲ್ಲರೂ ಮುಖಾಮುಖಿ ಪರಿಚಯ ಇರುವವರಾಗಿರಲಿ, ಎಲ್ಲರೂ ಆ ರಾಜ್ಯದ ಗುರುತಿನ ಚೀಟಿ ತೋರಿಸಿ ಮಾಲು ಒಯ್ಯಲಿ.

ಯಾವ ಮಾಲು ಒಳಗೆ ಬರುತ್ತದೆ ಎನ್ನುವುದೂ ಸರ್ಕಾರದ ಕೈಯಲ್ಲಿದೆ. ಚೀನಾದ ತೋಟೆಗಳ ಆಮದು 1994ರಲ್ಲಿ ನಿಂತಿತು. ಸೋವಿಯತ್ 7ಎನ್6 ಎಂಬ 5.45 ಮಿಮೀ ತೋಟೆಯನ್ನು 2014ರ ಏಪ್ರಿಲಿನಲ್ಲಿ ಕವಚ ಭೇದಿಸುವ ವರ್ಗಕ್ಕೆ ಸೇರಿಸಿ ಆಮದು ತಡೆದರು. 2021ರ ಸೆಪ್ಟೆಂಬರ್ 7ರಿಂದ ರಷ್ಯಾದ ತೋಟೆಗಳಿಗೆ ಹೊಸ ಆಮದು ಪರವಾನಗಿ ಕೊಡುವುದನ್ನು ನಿಲ್ಲಿಸಿದರು. ಆಗಲೇ ದೇಶದೊಳಗಿದ್ದ ದಾಸ್ತಾನನ್ನು ಮಾರುವುದಕ್ಕೆ, ಕೊಳ್ಳುವುದಕ್ಕೆ ಇದರಿಂದ ಅಡ್ಡಿಯಾಗಲಿಲ್ಲ, ಬೆಲೆ ಮಾತ್ರ ಏರಿತು.

ಲೆಕ್ಕ

ಉಳಿತಾಯ ಹುಟ್ಟುವುದು ಸಾಗಣೆಯಲ್ಲಿ. ಲೆಕ್ಕ ತೋರಿಸಲೆಂದೇ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಬಿಡಿಯಾಗಿ ಕ್ರೇಟಿಗೆ 400 ಡಾಲರ್, ಮನೆಗೆ ತಲುಪಿಸಲು 60. ತೋಟೆಗೆ 52 ಸೆಂಟಿನಷ್ಟು ಬಿತ್ತು. ಹನ್ನೆರಡು ಕ್ರೇಟ್ ಒಟ್ಟಿಗೆ ಕೊಂಡರೆ ಅಂಗಡಿಯವನು ಕ್ರೇಟಿಗೆ 20 ಡಾಲರ್ ಬಿಡುತ್ತಾನೆ, ಇಡೀ ಪ್ಯಾಲೆಟ್ಟಿನ (ಕ್ರೇಟುಗಳನ್ನು ಪೇರಿಸಿದ ಮರದ ಹಲಗೆಯ) ಲಾರಿ ಬಾಡಿಗೆ 360 ಎಂದಾದರೆ ಕ್ರೇಟಿಗೆ 30. ಅಂದರೆ 410 ಡಾಲರ್, ತೋಟೆಗೆ ಸುಮಾರು 46.6 ಸೆಂಟ್. ಕ್ರೇಟಿಗೆ 50 ಡಾಲರ್ ಮಿಕ್ಕಿತು.

ಈ 50 ಡಾಲರನ್ನು ತಿಂದುಹಾಕುವ ಸಣ್ಣ ಖರ್ಚುಗಳಿವೆ. ಲಾರಿ ಕಂಪನಿ ಮನೆಬಾಗಿಲಿಗೆ ಬರಲು ಬೇರೆ ಹಣ ಕೇಳುತ್ತದೆ. ಸರಕನ್ನು ಇಳಿಸುವ ಹಿಂಬದಿಯ ಲಿಫ್ಟಿಗೆ ಇನ್ನೊಂದಿಷ್ಟು. ಲಾರಿ ಕಂಪನಿಯ ಡಿಪೋಗೆ ನಾವೇ ಹೋಗಿ ತಂದರೆ ಎರಡೂ ಉಳಿಯುತ್ತದೆ. ಆದರೆ ಹನ್ನೆರಡು ಕ್ರೇಟ್ ಎಂದರೆ 300 ಕಿಲೊ, ಅದನ್ನು ಒಂದೇ ಕಾರಿನ ಡಿಕ್ಕಿಗೆ ತುಂಬಬಾರದು. ಪಿಕಪ್ ಟ್ರಕ್ ಬೇಕು, ಇಲ್ಲವೇ ಎರಡು ಮೂರು ಗಾಡಿ.

ಸರಕು ಒಂದು ವಿಳಾಸಕ್ಕೆ ಬಂದ ಮೇಲೆ ಅಲ್ಲಿಂದ ಮುಂದೆ ಕೊರಿಯರಿಗೆ ಹಾಕುವ ಯೋಚನೆಯನ್ನು ಬಿಟ್ಟುಬಿಡಬೇಕು. ಅಮೆರಿಕದ ಅಂಚೆ ಇಲಾಖೆ ತೋಟೆಯನ್ನು ಸಾಗಿಸುವುದೇ ಇಲ್ಲ, ಅಂಚೆಗೆ ಹಾಕುವುದು ಕಾನೂನುಬಾಹಿರ. ಖಾಸಗಿ ಕೊರಿಯರುಗಳಲ್ಲಿ ಇದು ಅಪಾಯಕಾರಿ ಸರಕಿನ ಸಾಲಿಗೆ ಸೇರುತ್ತದೆ: ಸೀಮಿತ ಪ್ರಮಾಣದ ವಿಭಾಗದಲ್ಲಿ ಪೆಟ್ಟಿಗೆಗೆ 30 ಕಿಲೊ ಮಿತಿ, ಮೇಲೆ ಕೆಳಗೆ ಕಪ್ಪು, ನಡುವೆ ಬಿಳಿ ಇರುವ ವಜ್ರಾಕಾರದ ಗುರುತು, ನೆಲದ ಮಾರ್ಗ ಮಾತ್ರ. ಇವೆಲ್ಲ ವ್ಯಾಪಾರದ ಖಾತೆ ಇರುವವರ ಕೆಲಸ. ಪಾಲು ಬೇಕಾದವರು ಬಂದು ಕೈಯಾರೆ ಒಯ್ಯಲಿ.

ಹಣ ಕೂಡಿಸುವಾಗಲೂ ಎಚ್ಚರ ಬೇಕು. ಪೇಪಾಲ್ ತನ್ನ ನಿಯಮದಲ್ಲೇ ತೋಟೆಗಳ ವ್ಯವಹಾರವನ್ನು ನಿಷೇಧಿಸಿದೆ. ಬೇರೆ ಹೆಸರು ಬರೆದು ಕಳಿಸಿದರೆ ಖಾತೆ ಸ್ತಂಭಿಸಿ, ಎಲ್ಲರ ಹಣವೂ ಸಿಕ್ಕಿಹಾಕಿಕೊಳ್ಳುತ್ತದೆ. ಚೆಕ್ ಅಥವಾ ಮನಿ ಆರ್ಡರ್ ಸರಿಯಾದ ದಾರಿ. ಪೂರ್ತಿ ಹಣ ಕೈಗೆ ಬಂದು, ಚೆಕ್ ಪಾಸಾದ ಮೇಲೆಯೇ ಆರ್ಡರ್ ಹಾಕಬೇಕು. ನಡುವೆ ಕೈಬಿಟ್ಟವರ ಹಣ ಬದಲಿ ಜನ ಸಿಕ್ಕ ಮೇಲಷ್ಟೇ ವಾಪಸು ಎಂಬ ಮಾತು ಮೊದಲೇ ಬರವಣಿಗೆಯಲ್ಲಿರಲಿ. ಅಂಗಡಿಯ ಬಿಲ್, ಲಾರಿಯ ಬಿಲ್ ಎರಡನ್ನೂ ಎಲ್ಲರಿಗೂ ತೋರಿಸಬೇಕು. ಮುಖ್ಯಸ್ಥ ತನ್ನ ಓಡಾಟಕ್ಕೆ ಹಣ ತೆಗೆದುಕೊಳ್ಳುವುದಾದರೆ ಅದು ತಪ್ಪಲ್ಲ, ಎಷ್ಟು ಎಂದು ಮೊದಲೇ ಹೇಳದಿರುವುದು ತಪ್ಪು.

ಹಂಚಿಕೆಯ ಕನಿಷ್ಠ ಘಟಕ ಒಂದು ಮುಚ್ಚಿದ ಡಬ್ಬ ಆಗಿರಬೇಕು. ಡಬ್ಬ ಒಡೆದು ಪೊಟ್ಟಣಗಳನ್ನು ಹಂಚುವುದು ಬೇಡ. ಐವತ್ತು ವರ್ಷ ಆ ತೋಟೆಗಳನ್ನು ಕಾಪಾಡಿದ್ದು ಆ ತಗಡೇ.

ಬಂದ ಸರಕಿನ ಪರೀಕ್ಷೆ

ಪ್ಯಾಲೆಟ್ ತರಿಸುವ ಮೊದಲು ಅದೇ ಲಾಟಿನ ಒಂದು ಡಬ್ಬವನ್ನು ಮಾದರಿಗೆಂದು ಕೊಂಡು ನೋಡುವ ಗುಂಪುಗಳು ಕಡಿಮೆ ಪಶ್ಚಾತ್ತಾಪ ಪಡುತ್ತವೆ. ಬೇರೆ ಬೇರೆ ಪೊಟ್ಟಣಗಳಿಂದ ಇಪ್ಪತ್ತು ತೋಟೆ ತೆಗೆದು ಬೆಳಕಿನಲ್ಲಿ ನೋಡಬೇಕು. ಕೇಪಿನ (ತೋಟೆಯ ಬುಡದಲ್ಲಿ ಕಿಡಿ ಹುಟ್ಟಿಸುವ ಭಾಗದ) ಸುತ್ತ, ಕೋಶದ ಕತ್ತಿನ ಸುತ್ತ ತೇವ ತಡೆಯುವ ಕೆಂಪು ಲೇಪನದ ಉಂಗುರ ಪೂರ್ತಿ ಇದೆಯೇ? ಬೆರಳಲ್ಲಿ ಹಿಡಿದು ತಿರುಗಿಸಿದರೆ ಗುಂಡು ಅಲುಗಾಡುತ್ತದೆಯೇ? ಹಿತ್ತಾಳೆ ಕೋಶವಾದರೆ ಕತ್ತಿನಲ್ಲಿ ಕೂದಲೆಳೆಯಂಥ ಉದ್ದ ಬಿರುಕು ಇದೆಯೇ? ಇಂಥ ಬಿರುಕು ಹಳೆಯ ಟರ್ಕಿಯ 8 ಮಿಮೀ ತೋಟೆಗಳಲ್ಲಿ ಹೆಚ್ಚು. ಒಂದೆರಡು ತೋಟೆಯ ಗುಂಡನ್ನು ಅದಕ್ಕೆಂದೇ ಇರುವ ಸಲಕರಣೆಯಲ್ಲಿ ಕಿತ್ತು ಮದ್ದು ನೋಡಬೇಕು. ಹುಳಿ ಕಮಟು ವಾಸನೆ, ಕೆಂಪು ಪುಡಿ ಕಂಡರೆ ಮದ್ದು ಕೊಳೆಯತೊಡಗಿದೆ. ಆ ಲಾಟನ್ನು ಕೈಬಿಡಿ.

ಡಬ್ಬಗಳನ್ನು ಬರಮಾಡಿಕೊಳ್ಳುವಾಗ ಮೂಲೆ, ಬೆಸುಗೆಯ ಅಂಚು ನೋಡಿ. ತುಕ್ಕಿನ ಚುಕ್ಕೆಯ ನಡುವೆ ಸೂಜಿಮೊನೆಯಷ್ಟು ತೂತಿದ್ದರೂ ಒಳಗೆ ತೇವ ಹೋಗಿರುತ್ತದೆ. ಲಾರಿಯವನ ಕಾಗದಕ್ಕೆ ಸಹಿ ಹಾಕುವ ಮೊದಲೇ ‘ಇಷ್ಟು ಕ್ರೇಟ್ ಒಡೆದಿವೆ’ ಎಂದು ಅದರ ಮೇಲೆ ಬರೆದು ಫೋಟೋ ತೆಗೆದುಕೊಳ್ಳಬೇಕು. ಏನೂ ಬರೆಯದೆ ಸಹಿ ಹಾಕಿದರೆ ಆಮೇಲೆ ಪರಿಹಾರ ಕೇಳಿ ಗೆಲ್ಲುವುದು ಬಹಳ ಕಷ್ಟ.

ಗುಂಡು ಹಾರಿಸುವ ಪರೀಕ್ಷೆಯಲ್ಲಿ ಗಮನಿಸಬೇಕಾದ್ದು ಎರಡು. ಕುದುರೆ ಎಳೆದಾಗ ಕ್ಲಿಕ್ ಎಂದು, ಕ್ಷಣ ಬಿಟ್ಟು ಢಂ ಎನ್ನುವುದು ತಡ ಹೊತ್ತಿಕೆ. ಪಾಕಿಸ್ತಾನದ ಪಿಒಎಫ್ ಗುರುತಿನ ಹಳೆಯ .303 ತೋಟೆಗಳು ಇದಕ್ಕೇ ಕುಖ್ಯಾತ. ಕ್ಲಿಕ್ ಎಂದು ಸುಮ್ಮನಾದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಬೇಕು, ಇಷ್ಟು ಹಳೆಯ ತೋಟೆಗೆ ಒಂದು ನಿಮಿಷವೇ ಇರಲಿ. ಬೇಗ ಬೋಲ್ಟ್ ಎಳೆದರೆ ತೋಟೆ ಮುಖದ ಮುಂದೆ ಒಡೆಯಬಹುದು. ಇನ್ನೊಂದು, ಎಂದಿಗಿಂತ ಮೆತ್ತಗಿನ ಠುಸ್ ಸದ್ದು. ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಅದರ ಹಿಂದೆ ಮತ್ತೊಂದು ಹಾರಿಸಿದರೆ ನಳಿಗೆ ಸೀಳುತ್ತದೆ. ರೈಫಲ್ ಖಾಲಿ ಮಾಡಿ, ಸರಳು ಹಾಕಿ ನೋಡಿದ ಮೇಲಷ್ಟೇ ಮುಂದುವರಿಯಬೇಕು. ಮಾದರಿಯ ಹತ್ತು ತೋಟೆಯಲ್ಲಿ ಒಂದು ತಡ ಹೊತ್ತಿಕೆ ಬಂದರೂ ಆ ಲಾಟ್ ಬೇಡ, ಬೆಲೆ ಎಷ್ಟೇ ಇಳಿದಿರಲಿ.

ತುಕ್ಕಿನ ಮೂಲ ಕೇಪಿನಲ್ಲಿದೆ

ಸೋವಿಯತ್ ಬಣದ ಹಳೆಯ ತೋಟೆಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇದೆ. ಉರಿದ ಮೇಲೆ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗಿ ನಳಿಗೆಯ ಒಳಮೈಗೆ ಅಂಟಿ ಕೂರುತ್ತದೆ. ಇದು ಉಪ್ಪಿನ ಜಾತಿ. ಗಾಳಿಯ ತೇವ ಹೀರಿ ಉಕ್ಕನ್ನು ತಿನ್ನತೊಡಗುತ್ತದೆ. ತೇವದ ಊರಿನಲ್ಲಿ ಒಂದು ರಾತ್ರಿ ಸಾಕು, ಒಣ ಹವೆಯಲ್ಲಿ ಕೆಲವು ದಿನ ಹಿಡಿಯಬಹುದು. ಎಲ್ಲರೂ ಮಾಡುವ ತಪ್ಪು ಎಂದರೆ ಎಣ್ಣೆಯಲ್ಲಿ ಒರೆಸುವುದು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಅಮೋನಿಯ ಇರುವ ಗಾಜು ಒರೆಸುವ ದ್ರಾವಣ ಸಿಂಪಡಿಸಿದರೆ ಸಾಕು ಎಂಬ ನಂಬಿಕೆ ರೇಂಜುಗಳಲ್ಲಿ ಹಳೆಯದು. ಅಲ್ಲೂ ಕೆಲಸ ಮಾಡುವುದು ಅದರೊಳಗಿನ ನೀರೇ, ಅಮೋನಿಯ ಅಲ್ಲ. ಅಷ್ಟು ಸಣ್ಣ ಸಿಂಪಡಿಕೆ ಸಾಲದು.

ಮೊಸಿನ್ನಿಗೆ ಕ್ರಮ ಇದು. ಅದೇ ದಿನ ಬೋಲ್ಟ್ ಹೊರಗೆ ತೆಗೆದು, ತೋಟೆ ಕೂರುವ ಕಡೆಯಿಂದ ಆಲಿಕೆ ಇಟ್ಟು ಅರ್ಧ ಲೀಟರಿನಿಂದ ಒಂದು ಲೀಟರಿನಷ್ಟು ಬಿಸಿನೀರು ಹೊಯ್ಯಬೇಕು. ನೀರು ಮರದ ಭಾಗಕ್ಕೆ ಇಳಿಯದಂತೆ ನಳಿಗೆಯ ಬಾಯಿ ಕೆಳಗಿರಲಿ. ಬೋಲ್ಟಿನ ತಲೆ, ಪಿನ್ನಿನ ತುದಿ, ತೋಟೆ ಎಳೆಯುವ ಕೊಕ್ಕೆ, ನಳಿಗೆಯ ಬಾಯಂಚು ಇವನ್ನೂ ತೊಳೆಯಬೇಕು. ಬಿಸಿನೀರಿನ ಲಾಭ ಎಂದರೆ ಲೋಹ ಬಿಸಿಯಾಗಿ ಬೇಗ ಒಣಗುತ್ತದೆ. ಆಮೇಲೆ ಒಣ ಬಟ್ಟೆ, ಆಮೇಲೆ ಮಾಮೂಲಿ ಸಾಲ್ವೆಂಟ್, ಕೊನೆಗೆ ಎಣ್ಣೆ. ಮರುದಿನ ಬಿಳಿ ಬಟ್ಟೆಯ ತುಣುಕು ಹಾಯಿಸಿ ಕಂದು ಬಣ್ಣ ಬರುತ್ತದೆಯೇ ನೋಡಿ. ಪಿಎಸ್‌ಎಲ್‌ನಂಥ ರೈಫಲಿನಲ್ಲಿ ಗ್ಯಾಸ್ ಕೊಳವೆ, ಪಿಸ್ಟನ್ನುಗಳನ್ನೂ ಹೀಗೇ ತೊಳೆಯಬೇಕಾಗುವುದರಿಂದ ಕೆಲಸ ಎರಡರಷ್ಟು.

ಮಾರುವವರು ‘ತುಕ್ಕು ಹಿಡಿಸುವುದಿಲ್ಲ’ ಎಂದರೆ ನಂಬಬೇಕಿಲ್ಲ, ಪರೀಕ್ಷಿಸಬಹುದು. ಗುಂಡು ಕಿತ್ತು, ಮದ್ದು ಸುರಿದು, ಕೇಪು ಮಾತ್ರ ಉಳಿದ ಕೋಶವನ್ನು ರೇಂಜಿನಲ್ಲಿ ರೈಫಲಿಗೆ ಹಾಕಿ, ಎಣ್ಣೆ ಜಿಡ್ಡು ತೆಗೆದ ಕಬ್ಬಿಣದ ಮೊಳೆಯ ಮೇಲೆ ಹೊಗೆ ಬೀಳುವಂತೆ ಹೊಡೆಯಬೇಕು. ಆ ಮೊಳೆಯನ್ನೂ ಹಾಗೆಯೇ ತೊಳೆದ ಇನ್ನೊಂದು ಮೊಳೆಯನ್ನೂ ತೇವದ ಜಾಗದಲ್ಲಿ ಅಕ್ಕಪಕ್ಕ ಇಟ್ಟರೆ ಕೆಲವು ದಿನಗಳಲ್ಲಿ ಉತ್ತರ ಕಾಣುತ್ತದೆ. ಈ ತೊಳೆಯುವ ಕೆಲಸ ಬೇಡ ಎನ್ನುವವರಿಗೆ ಸ್ವಿಟ್ಜರ್ಲೆಂಡಿನ ಜಿಪಿ11 ತೋಟೆ ಇದೆ. ತುಕ್ಕು ಹಿಡಿಸುವುದಿಲ್ಲ, ನಿಖರತೆಗೆ ಹೆಸರಾಗಿದೆ, ಕ್ರೇಟಿಗೆ 480 ತೋಟೆ. ಆದರೆ ಅದಕ್ಕೆ ಸ್ವಿಸ್ ರೈಫಲ್ಲೇ ಬೇಕು, ಬೆಲೆಯೂ ಹೆಚ್ಚು. ಸೋವಿಯತ್ ತೋಟೆಗಳಂತೆ ಅದರ ಕೇಪೂ ಬರ್ಡನ್ ಮಾದರಿಯದು. ಕೋಶದ ತಳದಲ್ಲಿ ನಡುವೆ ಒಂದು ರಂಧ್ರದ ಬದಲು ಎರಡು ಸಣ್ಣ ರಂಧ್ರ ಇರುವುದರಿಂದ ಮಾಮೂಲಿ ಸಲಕರಣೆಯಲ್ಲಿ ಕೇಪು ಕಿತ್ತು ಮತ್ತೆ ತುಂಬಲಾಗದು. ಖಾಲಿ ಕೋಶಕ್ಕೆ ಮರುಬೆಲೆ ಇದೆ ಎಂದು ಲೆಕ್ಕದಲ್ಲಿ ಸೇರಿಸಬೇಡಿ.

ಮೊಸಿನ್ನಿನ ಬೋಲ್ಟ್ ಬಿಗಿಯಾಗಿ ಸಿಕ್ಕಿಕೊಂಡಾಗ ಬಿಸಿಗೆ ಲ್ಯಾಕರ್ ಕರಗಿತೆಂದು ತೋಟೆಯನ್ನು ಬೈಯುವುದುಂಟು. ಬಹುತೇಕ ಸಲ ಕಾರಣ, ರೈಫಲನ್ನು ದಾಸ್ತಾನಿಡುವಾಗ ಬಳಿದ ಗ್ರೀಸು ತೋಟೆ ಕೂರುವ ಕೋಣೆಯಲ್ಲಿ ಗಟ್ಟಿಯಾಗಿ ಉಳಿದಿರುವುದು. ಸಾಲ್ವೆಂಟಿನಲ್ಲಿ ನೆನೆಸಿ, ಬ್ರಷ್ ಹಾಕಿ ಚೆನ್ನಾಗಿ ಉಜ್ಜಿದರೆ ಹೋಗುತ್ತದೆ. ಇದಕ್ಕಾಗಿ ಗುಂಪಿನ ಮುಖ್ಯಸ್ಥನ ಹತ್ತಿರ ಹಣ ವಾಪಸು ಕೇಳಬೇಕಿಲ್ಲ.

ಊರಿಗೆ ಬರುವಾಗ

ಭಾರತದಲ್ಲಿ ಇಂಥ ಖರೀದಿಗೆ ದಾರಿಯೇ ಇಲ್ಲ. .303, 7.62ನಂಥ ಸೇನೆಯ ಅಳತೆಗಳು ನಾಗರಿಕರಿಗೆ ನಿಷೇಧಿತ. ಅನುಮತಿ ಇರುವ ಅಳತೆಗಳ ತೋಟೆಯನ್ನೂ ಲೈಸೆನ್ಸ್ ತೋರಿಸಿ, ಅದರಲ್ಲಿ ನಮೂದಾದ ಮಿತಿಯೊಳಗೆ, ಲೈಸೆನ್ಸ್ ಇರುವ ಅಂಗಡಿಯಿಂದಲೇ ಕೊಳ್ಳಬೇಕು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಲೈಸೆನ್ಸಿನಿಂದ ಇರುವ ವಿನಾಯಿತಿ ನಿಷೇಧಿತ ಅಳತೆಗಳಿಗೆ ಅನ್ವಯಿಸುವುದಿಲ್ಲ.

ಅಮೆರಿಕದಿಂದ ರಜೆಗೆ ಬರುವವರು ರೇಂಜಿಗೆ ಒಯ್ಯುವ ಬ್ಯಾಗನ್ನು ಪ್ರಯಾಣಕ್ಕೆ ಬಳಸಲೇಬಾರದು. ಜೇಬಿನ ಮೂಲೆಯಲ್ಲಿ ಉಳಿದ ಒಂದು ತೋಟೆ ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಸಿಕ್ಕಿ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಬಿದ್ದವರಿದ್ದಾರೆ. ಗೊತ್ತಿಲ್ಲದೆ ಉಳಿದದ್ದು ಎಂದು ಸಾಬೀತಾದ ಎಷ್ಟೋ ಕೇಸುಗಳನ್ನು ನ್ಯಾಯಾಲಯಗಳು ರದ್ದು ಮಾಡಿವೆ, ಆದರೆ ಅಷ್ಟರೊಳಗೆ ರಜೆ ಮುಗಿದು ವಕೀಲರ ಕಚೇರಿಯ ಓಡಾಟ ಶುರುವಾಗಿರುತ್ತದೆ. ಬೇರೆ ಬ್ಯಾಗ್ ಇಲ್ಲದಿದ್ದರೆ ಇರುವ ಬ್ಯಾಗನ್ನು ತಲೆಕೆಳಗೆ ಮಾಡಿ ಕೊಡವಿ, ಪ್ರತಿ ಜೇಬಿನ ಹೊಲಿಗೆಯವರೆಗೂ ಬೆರಳು ಹಾಕಿ ನೋಡಿ.